ಅಡುಗೆಮನೆಯ ಸ್ಕ್ಯಾನರ್ ಮಾತು ನಿಲ್ಲಿಸಿದ ಮೇಲೆ

2021ರ ಫೆಬ್ರುವರಿಯ ಒಂದು ಬೆಳಿಗ್ಗೆ, ಪೊಲೀಸರ ರೇಡಿಯೊ ಮಾತುಗಳನ್ನು ಹಿಡಿದು ಕೇಳಿಸುವ ನನ್ನ ಸ್ಕ್ಯಾನರ್ ಕೆಟ್ಟಿದೆ ಎಂದುಕೊಂಡೆ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಅದು ಸದಾ ಸಣ್ಣ ದನಿಯಲ್ಲಿ ಮಾತನಾಡುತ್ತಿರುತ್ತಿತ್ತು. ಹಾಲು ಕಾಯಿಸುವಾಗ, ಒಗ್ಗರಣೆ ಹಾಕುವಾಗ, ನಮ್ಮ ಊರಿನ ಪೊಲೀಸರು ಯಾವ ಬೀದಿಗೆ ಹೊರಟಿದ್ದಾರೆ ಎಂಬುದು ಕಿವಿಗೆ ಬೀಳುತ್ತಿತ್ತು. ಆ ದಿನ ಅಗ್ನಿಶಾಮಕ ದಳದವರ ದನಿ ಬಂತು, ಹೆದ್ದಾರಿ ಗಸ್ತಿನವರ ದನಿ ಬಂತು, ಊರಿನ ಪೊಲೀಸರದು ಮಾತ್ರ ಬರಲಿಲ್ಲ. ಬ್ಯಾಟರಿ ಬದಲಿಸಿದೆ, ಆಂಟೆನಾ ಬಿಗಿಮಾಡಿದೆ. ಪರದೆಯ ಮೇಲೆ ಚಾನೆಲ್ಲಿನ ಹೆಸರು ಮಿನುಗುತ್ತಿತ್ತು, ಅದರ ಕೆಳಗೆ ‘ಇಎನ್‌ಸಿ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಮೂಡಿ ಮರೆಯಾಗುತ್ತಿದ್ದವು.

ಎದುರು ಮನೆಯ ಹಿರಿಯರನ್ನು ಕರೆದೆ. ಅವರು ಕನ್ನಡಕ ಏರಿಸಿಕೊಂಡು ಆ ಮೂರು ಅಕ್ಷರಗಳನ್ನು ಎರಡು ಸಲ ನೋಡಿ, ಸ್ಕ್ಯಾನರನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. “ಯಂತ್ರಕ್ಕೇನೂ ಆಗಿಲ್ಲ. ಇದು ಎನ್‌ಕ್ರಿಪ್ಷನ್, ಮಾತನ್ನು ಗೂಢಲಿಪಿಗೆ ಇಳಿಸುವುದು. ಅವರು ಬೀಗ ಹಾಕಿದ್ದಾರೆ” ಎಂದರು.

ನಾನಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ಒಂದು ಸಣ್ಣ ಊರಿನಲ್ಲಿ. ಆ ಸ್ಕ್ಯಾನರ್ ನನ್ನ ಕೈಗೆ ಬಂದದ್ದು ಬೆಂಕಿಯ ದಿನಗಳಲ್ಲಿ. 2020ರ ಆಗಸ್ಟ್ 16ರ ಬೆಳಗಿನ ಜಾವ ಮಳೆಯಿಲ್ಲದೆ ಬರಿಯ ಮಿಂಚು ಸಿಡಿಯಿತು. ಅದರಿಂದ ಹೊತ್ತಿದ ಬೆಂಕಿಗಳು ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಗಳಲ್ಲೂ ಪೂರ್ವಕ್ಕೆ ಸ್ಯಾನ್ ಹೋಸೆಯ ಹಿಂದಿನ ಗುಡ್ಡಗಳಲ್ಲೂ ವಾರಗಟ್ಟಲೆ ಉರಿದವು. ನನ್ನ ಸಹೋದ್ಯೋಗಿಯೊಬ್ಬಳ ಮನೆ ಆ ಸಾಂಟಾ ಕ್ರೂಜ್ ಬೆಟ್ಟಗಳ ಬೌಲ್ಡರ್ ಕ್ರೀಕ್‌ನಲ್ಲಿತ್ತು. ಟಿ.ವಿ. ಒಂದು ಗಂಟೆ ತಡವಾಗಿ ಹೇಳುತ್ತಿದ್ದುದನ್ನು ಎದುರು ಮನೆಯವರು ತಮ್ಮ ಗ್ಯಾರೇಜಿನಲ್ಲಿ ಕುಳಿತು ಆ ಕ್ಷಣದಲ್ಲೇ ಕೇಳುತ್ತಿದ್ದರು. ಯಾವ ರಸ್ತೆ ಮುಚ್ಚಿತು, ಯಾವ ಕಣಿವೆಗೆ ಬೆಂಕಿ ಇಳಿಯಿತು ಎಂದು ಅವರು ಹೇಳುವುದು, ನಾನು ಅವಳಿಗೆ ಫೋನ್ ಮಾಡುವುದು, ಹೀಗೆ ಎರಡು ರಾತ್ರಿ ಕಳೆದವು. ಮೂರನೆಯ ದಿನ ಅವರು ತಮ್ಮಲ್ಲಿದ್ದ ಇನ್ನೊಂದು ಡಿಜಿಟಲ್ ಸ್ಕ್ಯಾನರನ್ನು ತಂದುಕೊಟ್ಟು, “ನೀನೇ ಇಟ್ಟುಕೋ” ಎಂದರು. ದೂರವಾಣಿ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದವರು ಅವರು, ಹವ್ಯಾಸಿ ರೇಡಿಯೊ ಪರವಾನಗಿ ಇರುವವರು.

ನನಗೆ ಮೊದಲು ಭಯವಾಯಿತು. ನಾನು ಬೆಳೆದದ್ದು ತೀರ್ಥಹಳ್ಳಿಯಲ್ಲಿ. ನಮ್ಮ ಮನೆಗೂ ಪೊಲೀಸ್ ಠಾಣೆಗೂ ನಡುವೆ ಒಂದೇ ಗೋಡೆ. ರಾತ್ರಿ ಓದುತ್ತಾ ಕುಳಿತಾಗ ಠಾಣೆಯ ವೈರ್‌ಲೆಸ್ಸಿನಿಂದ ‘ಓವರ್, ಓವರ್’ ಎಂಬ ದನಿ ಕಿಟಕಿಯಲ್ಲಿ ತೂರಿ ಬರುತ್ತಿತ್ತು. ಅದನ್ನು ಕಿವಿಗೊಟ್ಟು ಕೇಳಿದರೆ ಅಪ್ಪ ಗದರುತ್ತಿದ್ದರು. ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧ ಎನ್ನುವ 1933ರ ಕಾಯ್ದೆ ಇದ್ದ ದೇಶದಿಂದ ಬಂದವಳು ನಾನು. ಅಮೆರಿಕದಲ್ಲಿ ಹಾಗಿಲ್ಲ ಎಂದು ಹಿರಿಯರು ವಿವರಿಸಿದರು. ಡೆಟ್ರಾಯಿಟ್ ಪೊಲೀಸರು 1928ರಲ್ಲಿ ಕಾರುಗಳಿಗೆ ರೇಡಿಯೊ ಇಟ್ಟ ಕಾಲದಿಂದಲೂ ಜನ ಅದನ್ನು ಕೇಳುತ್ತಲೇ ಬಂದಿದ್ದಾರೆ. ಜನರಿಗೆ ಸುಲಭವಾಗಿ ಸಿಗುವಂತೆ ಪ್ರಸಾರವಾಗುವ ಪೊಲೀಸ್ ರೇಡಿಯೊ ಕೇಳುವುದಕ್ಕೆ 1986ರ ಒಕ್ಕೂಟ ಕಾನೂನು ಸ್ಪಷ್ಟ ಅನುಮತಿ ಕೊಡುತ್ತದೆ. ಕೇಳಿದ್ದನ್ನು ಅಪರಾಧಕ್ಕೆ ನೆರವಾಗಲು ಬಳಸಿದರೆ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯಿದೆ. ಆದರೆ ಆ ಒಕ್ಕೂಟ ಕಾನೂನಿಗೆ ಇನ್ನೊಂದು ಮಗ್ಗುಲೂ ಇದೆ: ಗೂಢಲಿಪಿಗೆ ಇಳಿಸಿದ ಪ್ರಸಾರವು ‘ಸುಲಭವಾಗಿ ಸಿಗುವುದು’ ಎನಿಸಿಕೊಳ್ಳುವುದಿಲ್ಲ. ಆಗ ಆ ಮಾತನ್ನು ನಾನು ಗಮನಿಸಲಿಲ್ಲ.

ಕೇಳಲು ಕಲಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ನಮ್ಮಲ್ಲಿ ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎನ್ನುವ ಹಾಗೆ ಇಲ್ಲಿನ ಪೊಲೀಸರೂ ದಂಡಸಂಹಿತೆಯ ಕಲಮುಗಳಲ್ಲೇ ಮಾತನಾಡುತ್ತಾರೆ. 415 ಎಂದರೆ ಗಲಾಟೆ, 459 ಎಂದರೆ ಕನ್ನ, 211 ಎಂದರೆ ದರೋಡೆ. ‘ಕೋಡ್ ತ್ರೀ’ ಎಂದರೆ ದೀಪ, ಸೈರನ್ ಹಾಕಿಕೊಂಡು ಧಾವಿಸಬೇಕು. ‘ಕೋಡ್ ಫೋರ್’ ಎಂದರೆ ಎಲ್ಲ ಸರಿಯಿದೆ, ಇನ್ನು ಯಾರೂ ಬರಬೇಕಾಗಿಲ್ಲ. ಕಾರಿನ ನಂಬರು ಓದುವಾಗ ಆ್ಯಡಮ್, ಬಾಯ್, ಚಾರ್ಲ್ಸ್ ಎಂದು ಅಕ್ಷರಕ್ಕೊಂದು ಹೆಸರು. ಸಂಜೆಯ ಪಾಳಿಯಲ್ಲಿ ನಿಯಂತ್ರಣ ಕೊಠಡಿಯಿಂದ ಮಾತನಾಡುತ್ತಿದ್ದ ಒಬ್ಬ ಹೆಂಗಸಿನ ದನಿ ನನಗೆ ಮನೆಯವರ ದನಿಯಷ್ಟೇ ಪರಿಚಿತವಾಯಿತು. ಎಷ್ಟೇ ಗಡಿಬಿಡಿ ಇರಲಿ, ಆಕೆ ಏರುದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಲಿಲ್ಲ. ಕೇಳುತ್ತಾ ಹೋದಂತೆ ನನಗೆ ಪೊಲೀಸರ ಮೇಲಿನ ಗೌರವ ಹೆಚ್ಚಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರ ಹೊತ್ತಿನ ಬಹುಪಾಲು ಹೋಗುತ್ತಿದ್ದುದು ಕುಡಿದು ಮಲಗಿದವರನ್ನು ಎಬ್ಬಿಸುವುದರಲ್ಲಿ, ಬಾಗಿಲು ತೆಗೆಯದ ಮುದುಕಿಯ ಮನೆಗೆ ಹೋಗಿ ನೋಡುವುದರಲ್ಲಿ.

ನವೆಂಬರಿನ ಒಂದು ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ತೊರೆಯ ಪಕ್ಕದ ಕಾಲುದಾರಿಯಲ್ಲಿ ಎಪ್ಪತ್ತು ದಾಟಿದ ಭಾರತೀಯರೊಬ್ಬರು ಕುಳಿತಿದ್ದಾರೆ, ಬಿಳಿಯ ಬಟ್ಟೆ ಸುತ್ತಿಕೊಂಡಿದ್ದಾರೆ, ಮನೆಯೊಳಗೆ ಹಾಕುವ ಚಪ್ಪಲಿ, ಇಂಗ್ಲಿಷ್ ಬರುವುದಿಲ್ಲ ಎಂದು ಅಧಿಕಾರಿಯೊಬ್ಬ ಹೇಳುತ್ತಿದ್ದ. ಅವರು ತಮ್ಮ ಹೆಸರು ‘ಡೇವನ್ ಗ್ಯಾರಿ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದಾರಂತೆ. ಆ ಹೆಸರಿನವರು ಕಾಣೆಯಾದ ದೂರು ಬಂದಿದೆಯೇ ನೋಡಿ ಎಂದ. ಬಂದಿಲ್ಲ ಎಂದಳು ಆಕೆ.

ಲಟ್ಟಣಿಗೆ ಹಿಡಿದ ಕೈ ಹಾಗೆಯೇ ನಿಂತಿತು. ದಾವಣಗೆರೆ! ಅವರು ಹೇಳುತ್ತಿದ್ದುದು ತಮ್ಮ ಹೆಸರನ್ನಾಗಿರಲಿಲ್ಲ, ಊರನ್ನು.

ಘಟನೆ ನಡೆಯುತ್ತಿರುವ ಜಾಗಕ್ಕೆ ಎಂದಿಗೂ ಹೋಗಬಾರದು ಎಂಬುದು ಹಿರಿಯರು ನನಗೆ ಕಲಿಸಿದ್ದ ಮೊದಲ ಪಾಠ. ಹಾಗಾಗಿ ಹೋಗಲಿಲ್ಲ. ಪೊಲೀಸರ ತುರ್ತಲ್ಲದ ಸಂಖ್ಯೆಗೆ ಫೋನ್ ಮಾಡಿ, ಅವರ ಭಾಷೆ ಕನ್ನಡ ಇರಬಹುದು, ನಾನು ಮಾತನಾಡಬಲ್ಲೆ ಎಂದೆ. ಎರಡು ನಿಮಿಷದಲ್ಲಿ ಆ ಅಧಿಕಾರಿಯ ಮೊಬೈಲಿನಿಂದ ಕರೆ ಬಂತು. “ಯಜಮಾನರೇ, ದಾವಣಗೆರೆಯಲ್ಲಿ ಯಾವ ಕಡೆ?” ಎಂದು ಕೇಳಿದೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಬರಿಯ ಉಸಿರು. ಆಮೇಲೆ, “ಪಿ.ಜೆ. ಬಡಾವಣೆ, ತಾಯಿ. ನೀವು ಯಾರ ಕಡೆಯವರು?” ಎಂದರು. ಫೆಬ್ರುವರಿಯಲ್ಲಿ ಮಗನ ಮನೆಗೆ ಬಂದು, ವಿಮಾನ ನಿಂತು ಇಲ್ಲೇ ಉಳಿದವರು. ನಡೆಯಲು ಹೊರಟು ದಾರಿ ಮರೆತಿದ್ದರು. ಮಗನ ಹೆಸರು ಹೇಳಿದರು, ಮನೆಯ ಎದುರು ಈಜುಕೊಳ ಇದೆ ಎಂದರು. ಅರ್ಧ ಗಂಟೆಯಲ್ಲಿ ನನ್ನ ಸ್ಕ್ಯಾನರಿನಲ್ಲಿ ಆ ಅಧಿಕಾರಿ ‘ಕೋಡ್ ಫೋರ್’ ಎಂದ. ಆಕೆ ‘ಕೋಡ್ ಫೋರ್’ ಎಂದು ಮರುನುಡಿದಳು. ತಣ್ಣಗಾದ ಚಪಾತಿ ಹಿಟ್ಟಿನ ಮುಂದೆ ನಿಂತು ಅತ್ತೆ.

ಇನ್ನೊಂದು ರಾತ್ರಿಯದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಬರಹ ನ್ಯಾಯದ್ದಾಗುವುದಿಲ್ಲ. ಡಿಸೆಂಬರಿನಲ್ಲಿ ಒಂದು ಮನೆಯಿಂದ ಗಂಡ ಹೆಂಡತಿಯ ಜಗಳದ ಕರೆ ಹೋಗಿತ್ತು. ಆ ಹೆಂಗಸಿನ ಪೂರ್ತಿ ಹೆಸರು, ಹುಟ್ಟಿದ ದಿನ, ಚಾಲನಾ ಪರವಾನಗಿಯ ಸಂಖ್ಯೆ, ಮನೆಯ ನಂಬರು, ಎಲ್ಲವನ್ನೂ ಅಧಿಕಾರಿ ಬಿಡಿಸಿ ಬಿಡಿಸಿ ಓದಿದ. ಹೆಸರು ನಮ್ಮ ಕಡೆಯದಾಗಿತ್ತು. ಸ್ಕ್ಯಾನರ್ ಆರಿಸಿದೆ. ಅವಳ ಕಷ್ಟ ನನ್ನ ಅಡುಗೆಮನೆಗೆ ಬರಬಾರದಿತ್ತು. ಅಂಥದನ್ನು ಮರೆಮಾಡಬೇಕು ಎಂಬುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ.

ಹಾಗಾಗಿ ಬೀಗ ಬಿದ್ದಾಗ ನಾನು ಮೊದಲು ಮಾಡಿದ ಕೆಲಸ, ಏಕೆ ಎಂದು ಕೇಳಿ ಊರಿನ ಪೊಲೀಸ್ ಇಲಾಖೆಗೆ ಪತ್ರ ಬರೆದದ್ದು. ಉತ್ತರ ಸೌಜನ್ಯದಿಂದ ಬಂತು. ರಾಜ್ಯದ ನ್ಯಾಯ ಇಲಾಖೆ 2020ರ ಅಕ್ಟೋಬರ್ 12ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಎನ್‌ಕ್ರಿಪ್ಷನ್ ಕಡ್ಡಾಯ, ತಮಗೆ ಬೇರೆ ದಾರಿ ಇಲ್ಲ ಎಂದಿದ್ದರು. ನಂಬಿದೆ. ಒಂದು ವಾರ ಸುಮ್ಮನಿದ್ದೆ. ಆಮೇಲೆ ಆ ಸುತ್ತೋಲೆಯನ್ನೇ ಹುಡುಕಿ ತೆಗೆದು ಓದಿದೆ.

ನಾನು ಕಚೇರಿಯಲ್ಲಿ ಮಾಡುವ ಕೆಲಸವೇ ಒಪ್ಪಂದಗಳನ್ನು ಓದುವುದು. ಎರಡು ಸಲ ಓದಿ ಪೆನ್ಸಿಲ್ ಹಿಡಿದು ಮೂರನೆಯ ಸಲ ಓದಿದೆ. ರಾಜ್ಯದ ಪೊಲೀಸ್ ದತ್ತಾಂಶ ಜಾಲದಿಂದ ಬರುವ ಖಾಸಗಿ ವಿವರಗಳು ಬಯಲಿನಲ್ಲಿ ಪ್ರಸಾರವಾಗಬಾರದು ಎಂಬುದು ಅದರ ತಿರುಳು. ಅದಕ್ಕೆ ಎರಡು ದಾರಿಗಳನ್ನು ಅದೇ ಕಾಗದ ಕೊಟ್ಟಿತ್ತು. ಒಂದು, ರೇಡಿಯೊವನ್ನು ಗೂಢಲಿಪಿಗೆ ಇಳಿಸುವುದು. ಇನ್ನೊಂದು, ಅಂಥ ವಿವರಗಳನ್ನು ತೆರೆದ ಚಾನೆಲ್ಲಿನಲ್ಲಿ ಹೇಳದಂತೆ ನಿಯಮ ಮಾಡಿಕೊಳ್ಳುವುದು. ಖಾಸಗಿ ವಿವರ ಎಂದರೆ ಏನು ಎಂಬುದೂ ಬರೆದಿತ್ತು: ಹೆಸರಿನ ಜೊತೆಗೆ ಪರವಾನಗಿ ಸಂಖ್ಯೆಯಂಥ ಗುರುತಿನ ಸಂಖ್ಯೆ ಸೇರಿದಾಗ. ಹೆಸರೊಂದೇ ಹೇಳಿದರೆ ತಪ್ಪಿಲ್ಲ. ಕಾರಿನ ಬಣ್ಣ, ಬೀದಿಯ ಹೆಸರು, ‘ತೊರೆಯ ಬಳಿ ಒಬ್ಬ ಹಿರಿಯರು ಕುಳಿತಿದ್ದಾರೆ’ ಎಂಬುದಕ್ಕೆ ಆ ಸುತ್ತೋಲೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ರಾಜ್ಯದ ಹೆದ್ದಾರಿ ಗಸ್ತಿನವರು ಎರಡನೆಯ ದಾರಿ ಹಿಡಿದು ತೆರೆದ ರೇಡಿಯೊದಲ್ಲೇ ಕೆಲಸ ಮುಂದುವರಿಸಿದರು. ಅವರ ದನಿ ನನ್ನ ಸ್ಕ್ಯಾನರಿನಲ್ಲಿ ಇನ್ನೂ ಬರುತ್ತಿದ್ದುದು ಅದಕ್ಕೇ.

ಡಿಜಿಟಲ್ ಆದದ್ದರಿಂದ ಹೀಗಾಯಿತು ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಇಲ್ಲಿನ ಪೊಲೀಸ್ ರೇಡಿಯೊಗಳು ಬಳಸುವ ‘ಪಿ25’ ಎಂಬ ಮಾನದಂಡದಲ್ಲಿ ದನಿ ಅಂಕಿಗಳಾಗಿ ಹೋಗುತ್ತದೆ, ಸಾಮಾನ್ಯ ಡಿಜಿಟಲ್ ಸ್ಕ್ಯಾನರ್ ಅದನ್ನು ಮತ್ತೆ ದನಿಯಾಗಿಸುತ್ತದೆ. ಎನ್‌ಕ್ರಿಪ್ಷನ್ ಅದರ ಮೇಲೆ ಬೇಕಾದರೆ ಹಾಕುವ ಬೀಗ. ಕೀಲಿ 256 ಬಿಟ್ಟಿನದಾದರೆ ಅದನ್ನು ಒಡೆಯುವ ಮಾತೇ ಇಲ್ಲ. ಹಿರಿಯರು ತಮ್ಮ ಲ್ಯಾಪ್‌ಟಾಪಿನಲ್ಲಿ ಇದನ್ನು ತೋರಿಸಿದರು. ಹೆಬ್ಬೆರಳಿನಷ್ಟು ದೊಡ್ಡ ಎರಡು ಯುಎಸ್‌ಬಿ ರಿಸೀವರುಗಳನ್ನು ಚುಚ್ಚಿದ್ದರು. ಒಂದು, ಯಾವ ಗುಂಪಿನ ಮಾತು ಯಾವ ಚಾನೆಲ್ಲಿನಲ್ಲಿ ಎಂದು ಹೇಳುವ ನಿಯಂತ್ರಣ ಚಾನೆಲ್ಲನ್ನು ಹಿಂಬಾಲಿಸುತ್ತಿತ್ತು, ಇನ್ನೊಂದು ದನಿಗಾಗಿ. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೂಡುತ್ತಿದ್ದವು. ಇಂಥ ಸಂಖ್ಯೆಯ ರೇಡಿಯೊ, ಇಂಥ ಗುಂಪು, ಇಷ್ಟು ಸೆಕೆಂಡು, ಎನ್‌ಕ್ರಿಪ್ಟೆಡ್. ಯಾರೋ ಮಾತನಾಡುತ್ತಿದ್ದಾರೆ ಎಂಬುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಗಾಜಿನ ಆಚೆಗೆ ತುಟಿಗಳು ಆಡುವುದನ್ನು ನೋಡಿದಂತೆ.

ಏಪ್ರಿಲಿನಲ್ಲಿ ನಗರಸಭೆಯ ಕೂಟದಲ್ಲಿ ಮಾತನಾಡಿದೆ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಇಲ್ಲಿನ ನಗರಸಭೆಗಳು ತೆರೆದ ಬಾಗಿಲಿನಲ್ಲೇ ನಡೆಯಬೇಕು, ನಾಗರಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಕೋವಿಡ್ ಕಾಲವಾದ್ದರಿಂದ ಕೂಟ ಝೂಮ್‌ನಲ್ಲಿತ್ತು. ನನಗೆ ಸಿಕ್ಕಿದ್ದು ಎರಡು ನಿಮಿಷ. ದಾವಣಗೆರೆಯ ಅಜ್ಜನ ಕಥೆಯನ್ನು ಒಂದು ನಿಮಿಷದಲ್ಲಿ ಹೇಳುವಂತೆ ಏಳೆಂಟು ಸಲ ಅಭ್ಯಾಸ ಮಾಡಿದ್ದೆ. ಮಗಳು ಗಡಿಯಾರ ಹಿಡಿದು ಕುಳಿತಿದ್ದಳು. ಸುತ್ತೋಲೆಯಲ್ಲಿ ಎರಡನೆಯ ದಾರಿ ಇದೆ ಎಂದು ಓದಿ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ಮುಂದಿನವರು ಮರದ ಬೇರಿನಿಂದ ಪಾದಚಾರಿ ದಾರಿ ಎದ್ದಿರುವುದರ ಬಗ್ಗೆ ಮಾತನಾಡಿದರು. ಪೊಲೀಸ್ ರೇಡಿಯೊ ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ಸದಸ್ಯರು ಅದನ್ನು ಚರ್ಚಿಸುವಂತಿರಲಿಲ್ಲ.

ಜೂನ್ ತಿಂಗಳ ಒಂದು ರಾತ್ರಿ ನಮ್ಮ ಬೀದಿಯ ಮೇಲೆ ಹೆಲಿಕಾಪ್ಟರ್ ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತಿತು. ಬೆಳಕಿನ ಕೋಲು ಹಿತ್ತಲಿನಿಂದ ಹಿತ್ತಲಿಗೆ ಹರಿದಾಡಿತು. ಕಿಟಕಿಯಲ್ಲಿ ನಿಂತ ಮಗಳು ನನ್ನ ಕೈ ಹಿಡಿದುಕೊಂಡು, “ಅಮ್ಮಾ, ಬಾಗಿಲು ಹಾಕಿದೆಯಾ?” ಎಂದು ಮೂರು ಸಲ ಕೇಳಿದಳು. ಎದುರು ಮನೆಯ ಲ್ಯಾಪ್‌ಟಾಪಿನಲ್ಲಿ ಸಾಲುಗಳು ಉದುರುತ್ತಲೇ ಇದ್ದವು, ಒಂದಕ್ಕೂ ದನಿಯಿಲ್ಲ. ಮೊದಲಾಗಿದ್ದರೆ ಎರಡು ಬೀದಿ ಆಚೆ ಒಬ್ಬನನ್ನು ಹುಡುಕುತ್ತಿದ್ದಾರೆ, ಅವನ ಕೈಯಲ್ಲಿ ಆಯುಧವಿಲ್ಲ ಎಂದೋ, ಆಯುಧವಿದೆ, ಹಿತ್ತಲಿಗೆ ಹೋಗಬೇಡ ಎಂದೋ ಅವಳಿಗೆ ಹೇಳುತ್ತಿದ್ದೆ. ಬೆಳಗಾದ ಮೇಲೂ ಯಾರಿಗೂ ಏನೂ ತಿಳಿಯಲಿಲ್ಲ.

ಆ ರಾತ್ರಿಯ ರೇಡಿಯೊ ಧ್ವನಿಮುದ್ರಣವನ್ನು ಕೊಡಿ ಎಂದು ಅರ್ಜಿ ಹಾಕಿದೆ. ನಮ್ಮ ಮಾಹಿತಿ ಹಕ್ಕಿನಂತೆ ಇಲ್ಲಿ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, 1968ರದು. ನಮ್ಮಲ್ಲಿ 30 ದಿನ, ಇಲ್ಲಿ ಕೊಡುತ್ತಾರೋ ಇಲ್ಲವೋ ಎಂದು 10 ದಿನದೊಳಗೆ ಹೇಳಬೇಕು. ಹತ್ತನೆಯ ದಿನ ಸಂಜೆ ಇನ್ನೂ 14 ದಿನ ಬೇಕೆಂಬ ಪತ್ರ ಬಂತು. ಅದಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಜುಲೈಯಲ್ಲಿ ಬಂದ ಉತ್ತರದಲ್ಲಿ ಇದು ತನಿಖೆಯ ದಾಖಲೆ, ಕೊಡಲಾಗದು ಎಂದಿತ್ತು. ಜೊತೆಗೆ ಒಂದು ಹಾಳೆ: ಕರೆ ಬಂದ ಸಮಯ, ಯಾವ ಬೀದಿ, ‘ಶಂಕಿತ ವ್ಯಕ್ತಿ’ ಎಂಬ ಎರಡು ಪದ. ನೆರವು ಕೋರಿ ಬಂದ ಕರೆಗಳ ಸಮಯ, ಸ್ಥಳ, ಸಾರವನ್ನು ತಿಳಿಸಲೇಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಅಕ್ಷರಕ್ಕೆ ತಕ್ಕಷ್ಟನ್ನು ಕೊಟ್ಟಿದ್ದರು.

ವಕೀಲೆಯಾಗಿರುವ ಗೆಳತಿಯೊಬ್ಬಳ ಸಲಹೆ ಕೇಳಿ, ತನಿಖೆ ಮುಗಿದಿದ್ದರೆ ಮರುಪರಿಶೀಲಿಸಿ ಎಂದು ಸೆಪ್ಟೆಂಬರಿನಲ್ಲಿ ಎರಡನೆಯ ಪತ್ರ ಬರೆದೆ. ಅವಳು ಮೊದಲೇ ಎಚ್ಚರಿಸಿದ್ದ ಒಂದು ವಿಷಯವನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಈ ರಾಜ್ಯದ ನಗರಗಳು ರೇಡಿಯೊ ಮತ್ತು ದೂರವಾಣಿ ಧ್ವನಿಮುದ್ರಣಗಳನ್ನು 100 ದಿನಗಳ ನಂತರ ಅಳಿಸಬಹುದು. ಅಕ್ಟೋಬರಿನಲ್ಲಿ ಬಂದ ಉತ್ತರ ಎರಡು ಸಾಲಿನದು. ಆ ದಿನದ ಧ್ವನಿಮುದ್ರಣ ಉಳಿದಿಲ್ಲ. ಮೊದಲ ಪತ್ರದಲ್ಲೇ ‘ದಯವಿಟ್ಟು ಇದನ್ನು ಅಳಿಸದೆ ಉಳಿಸಿಡಿ’ ಎಂದು ನಾನು ಬರೆಯಬೇಕಿತ್ತು. ಇಂಥ ಅರ್ಜಿ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಸಾಲನ್ನು ಮರೆಯಬೇಡಿ.

2022ರಲ್ಲಿ ರಾಜ್ಯ ಸೆನೆಟರ್ ಜಾಶ್ ಬೆಕರ್ ಅವರು ಎಸ್‌ಬಿ 1000 ಎಂಬ ಮಸೂದೆ ತಂದರು. ಪೊಲೀಸ್ ರೇಡಿಯೊ ಜನರಿಗೆ ಕೇಳುವಂತಿರಬೇಕು, ಖಾಸಗಿ ವಿವರಗಳನ್ನು ಮಾತ್ರ ಬೇರೆ ರೀತಿಯಲ್ಲಿ ಕಾಯಬೇಕು ಎಂಬುದು ಅದರ ಉದ್ದೇಶ. ಸಮಿತಿಯ ವಿಚಾರಣೆಯ ದಿನ ಫೋನಿನ ಸಾಲಿನಲ್ಲಿ ಬಹಳ ಹೊತ್ತು ಕಾದೆ. ಹೆಸರು, ಊರು, ಪರವೋ ವಿರುದ್ಧವೋ, ಇಷ್ಟನ್ನೇ ಹೇಳಬೇಕು. ಹೆಸರು ಹೇಳಿದೆ, ಊರು ಹೇಳಿದೆ, “ಪರ” ಎಂದೆ. ಸೆನೆಟ್ ಅದನ್ನು ಅಂಗೀಕರಿಸಿತು. ಆಗಸ್ಟ್‌ನಲ್ಲಿ ಕೆಳಮನೆಯ ಹಣಕಾಸು ಸಮಿತಿಯಲ್ಲಿ ಅದು ನಿಂತುಹೋಯಿತು.

ಅದೇ ಆಗಸ್ಟ್‌ನಲ್ಲಿ ಮತ್ತೊಂದು ಸುದ್ದಿಯೂ ಬಂತು. 2021ರ ಜನವರಿ 5ರಂದು ರೇಡಿಯೊಗೆ ಬೀಗ ಹಾಕಿದ್ದ ನಮ್ಮ ಕೌಂಟಿಯ ಪಾಲೊ ಆಲ್ಟೊ ನಗರ, ಹೊಸ ಪೊಲೀಸ್ ಮುಖ್ಯಸ್ಥ ಆ್ಯಂಡ್ರೂ ಬೈಂಡರ್ ಅವರ ಕಾಲದಲ್ಲಿ, ಸೆಪ್ಟೆಂಬರ್ 1ರಿಂದ ಅದನ್ನು ತೆರೆಯುತ್ತದೆ ಎಂದು. ಸುತ್ತೋಲೆಯ ಎರಡನೆಯ ದಾರಿಯನ್ನೇ ಅವರು ಹಿಡಿದಿದ್ದರು. ಖಾಸಗಿ ವಿವರಗಳು ಬೇಕಾದಾಗ ಮೊಬೈಲ್, ಕಾರಿನ ಕಂಪ್ಯೂಟರ್ ಅಥವಾ ಬೇರೆ ಚಾನೆಲ್, ಉಳಿದದ್ದೆಲ್ಲ ತೆರೆದ ಗಾಳಿಯಲ್ಲಿ. ನಮ್ಮ ಊರಿನ ಪೊಲೀಸರ ರೇಡಿಯೊ ಮಾತ್ರ ಇಂದಿಗೂ ಮುಚ್ಚಿದೆ. ಆ ಸುದ್ದಿಯನ್ನು ಲಗತ್ತಿಸಿ ನಗರಸಭೆಗೆ ಮತ್ತೊಂದು ಪತ್ರ ಕಳಿಸಿದ್ದೇನೆ, ವರ್ಷಕ್ಕೆ ಎರಡು ಸಲ ಕಳಿಸುತ್ತಲೇ ಇದ್ದೇನೆ.

ಸೆಪ್ಟೆಂಬರ್ 1ರ ಸಂಜೆ ಕೆಲಸ ಮುಗಿಸಿ ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಪಾಲೊ ಆಲ್ಟೊಗೆ ಹೋದೆ. ಯೂನಿವರ್ಸಿಟಿ ಅವೆನ್ಯೂವಿಗೆ ಹತ್ತಿರದ ಒಂದು ಓಣಿಯಲ್ಲಿ, ಓಕ್ ಮರದ ಕೆಳಗೆ ಕಾರು ನಿಲ್ಲಿಸಿದೆವು. ಅವರು ಸ್ಕ್ಯಾನರನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಆಂಟೆನಾವನ್ನು ಕಿಟಕಿಯ ಕಡೆ ತಿರುಗಿಸಿದರು. ಚಾನೆಲ್ಲಿನ ಹೆಸರು ಮಿನುಗಿತು. ನಾವಿಬ್ಬರೂ ಪರದೆಯನ್ನೇ ನೋಡುತ್ತಿದ್ದೆವು. ಆ ಮೂರು ಅಕ್ಷರಗಳು ಬರಲಿಲ್ಲ. ಯಾವುದೋ ರಸ್ತೆಯಲ್ಲಿ ಕಾರೊಂದನ್ನು ನಿಲ್ಲಿಸಿದ್ದ ಅಧಿಕಾರಿಯೊಬ್ಬ ಅದರ ನಂಬರು ಓದುತ್ತಿದ್ದ: ಸ್ಯಾಮ್, ಮೇರಿ, ರಾಬರ್ಟ್. ಒಂದು ಹೆಂಗಸಿನ ದನಿ ಅವನಿಗೆ ಉತ್ತರ ಕೊಟ್ಟಿತು, ನಿಧಾನವಾಗಿ, ಸ್ಪಷ್ಟವಾಗಿ. ಹಿರಿಯರು ಕೈಚಾಚಿ ದನಿಯನ್ನು ಸ್ವಲ್ಪ ಏರಿಸಿದರು.